ಅಟ್ಟವೇರಿದ ಸಕ್ಕರೆ ಅಚ್ಚುಗಳು

ಸಂಕ್ರಾಂತಿಯಂದು ಎಳ್ಳು ಬೀರಲು ಬರುವ ಮಕ್ಕಳ ತಟ್ಟೆಯಲ್ಲಿನ ಸಕ್ಕರೆ ಅಚ್ಚನ್ನು ವಾಚಕರೆಲ್ಲರೂ ಬಲ್ಲರು. ಆದರೆ ಆ ಗಿಳಿಗೆ, ಆ ಗೋಪುರಕ್ಕೆ ರೂಪವಿತ್ತ ಮರದ ಅಚ್ಚನ್ನು ಕಣ್ಣಾರೆ ಕಂಡವರು ತಮ್ಮಲ್ಲಿ ಎಷ್ಟು ಮಂದಿ? ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಳೆಯ ಮನೆಗಳ ಅಟ್ಟವನ್ನು ಒಮ್ಮೆ ಹುಡುಕಿ ನೋಡಬೇಕು.

ನಮ್ಮ ಹಿರಿಯರ ನಿತ್ಯದ ಸಿಹಿ ಬೆಲ್ಲವೇ. ಅದನ್ನು ಕುಟ್ಟಲು ಗುಂಡುಕಲ್ಲು, ಎಳ್ಳಿಗೆ ಬೆರೆಸಲು ಸಣ್ಣಗೆ ಕತ್ತರಿಸುವುದಕ್ಕೆ ಅಡಕತ್ತರಿ. ಯೂರೋಪಿನ ಗೃಹಿಣಿಯರೂ ಶಂಕುವಿನಾಕಾರದ ಸಕ್ಕರೆ ಗಟ್ಟಿಯನ್ನು ಕಬ್ಬಿಣದ ಇಕ್ಕುಳದಿಂದಲೇ ಮುರಿಯುತ್ತಿದ್ದರು. ಮೊರಾವಿಯಾದ ಯಾಕುಬ್ ರಾಡ್ ಎಂಬವನು 1843ರಲ್ಲಿ ಸಕ್ಕರೆ ಬಿಲ್ಲೆಯ ಯಂತ್ರಕ್ಕೆ ಹಕ್ಕುಪತ್ರ ಪಡೆದ ಮೇಲೆ ಆ ಶ್ರಮ ಕ್ರಮೇಣ ತಪ್ಪಿತು.

ಬಿಳಿಯ ಸಕ್ಕರೆಯಾದರೋ ನಮ್ಮಲ್ಲಿ ಅಪರೂಪದ ವಸ್ತು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್, ಕುಣಿಗಲ್ಲಿಗೆ ದೂರವಲ್ಲದ ಚನ್ನಪಟ್ಟಣದಲ್ಲಿ ಶುಭ್ರವಾದ ಸಕ್ಕರೆ ತಯಾರಾಗುತ್ತಿದ್ದುದನ್ನು ದಾಖಲಿಸಿದ್ದಾನೆ. 1847ರಲ್ಲಿ ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ ರೈತರ ಬೆಲ್ಲವನ್ನೇ ಶುದ್ಧಿಮಾಡುವ ಕಾರ್ಖಾನೆ ನೆಲೆಗೊಂಡಿತು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ 1933ರದು.

ಅಚ್ಚು ಸಾಮಾನ್ಯವಾಗಿ ತೇಗದ್ದು. ಎರಡು ಹೋಳು, ಕೆಲವಕ್ಕೆ ಮೂರು ನಾಲ್ಕು. ಒಳಮೈಯಲ್ಲಿ ಬಸವ, ಆನೆ, ಬೃಂದಾವನ, ತೇರುಗಳನ್ನು ತಗ್ಗಾಗಿ, ಹಿಂದುಮುಂದಾಗಿ ಕೊರೆಯಬೇಕು. ಇದು ಬಡಗಿಗೆ ಸುಲಭದ ಕೆಲಸವಲ್ಲ. (ಗುಬ್ಬಿಯ ತೇರು ಕಂಡ ಮಗು ಮೊದಲು ತೇರಿನ ಅಚ್ಚಿಗೇ ಕೈಚಾಚಿದರೆ ತಪ್ಪೇನು!) ಹೋಳುಗಳನ್ನು ಮುಂಚಿತವಾಗಿ ನೀರಿನಲ್ಲಿ ನೆನೆಯಿಟ್ಟು, ಜೋಡಿಸಿ, ದಾರದಿಂದ ಬಿಗಿಯುವರು, ನೆನೆದ ಮರಕ್ಕೆ ಪಾಕ ಅಂಟದು. ಕುದಿಯುವ ಪಾಕಕ್ಕೆ ಹಾಲೆರೆದರೆ ಅದು ಒಡೆದು ಕೊಳೆಯನ್ನೆಲ್ಲ ಮೇಲೆ ತರುವುದು. ಅದನ್ನು ತೆಗೆದು ಸೋಸಬೇಕು. ಅನಂತರ ಸ್ವಲ್ಪ ಸ್ವಲ್ಪವೇ ಪಾಕವನ್ನು ಚಿಕ್ಕ ಪಾತ್ರೆಗೆ ತೆಗೆದು, ಕಾಯಿಸಿ, ಬೆಳ್ಳಗಾಗುವವರೆಗೆ ತಿರುವಿ, ತಳದ ರಂಧ್ರದಿಂದ ಅಚ್ಚಿಗೆ ಸುರಿಯಬೇಕು. ತಿರುವುವುದರಿಂದಲೇ ಹರಳು ನುಣುಪಾಗುವುದು. ಕ್ಷಣ ತಡವಾದರೆ ಪಾಕ ಪಾತ್ರೆಯಲ್ಲೇ ಕಲ್ಲಾಗುತ್ತದೆ. ಅವಸರಿಸಿದರೆ ಬಸವನ ಕೊಂಬು ಮುರಿದು ಅಚ್ಚಿನಲ್ಲೇ ಉಳಿಯುತ್ತದೆ. ಈ ಹದ ಯಾವ ಗ್ರಂಥದಲ್ಲಿಯೂ ಇರಲಿಲ್ಲ. ಅತ್ತೆಯ ಕಣ್ಣಿನಿಂದ ಸೊಸೆಯ ಕೈಗೆ ಬಂದದ್ದು.

ಇಂದು ಅಂಗಡಿಯಲ್ಲಿ ಸಿದ್ಧ ಅಚ್ಚು ದೊರೆಯುತ್ತದೆ. ಮನೆಯಲ್ಲಿ ಮಾಡುವವರಿಗೂ ರಬ್ಬರಿನ ಅಚ್ಚುಗಳಿವೆ. ಮರದವು ಹಳೆಯ ಸಾಮಾನಿನ ವ್ಯಾಪಾರಿಯ ಮೂಲಕ ನಗರದ ದಿವಾನಖಾನೆಗಳಿಗೆ ಅಲಂಕಾರವಾಗಿ ಹೋಗುತ್ತಿವೆ. ಒಂದು ಹೋಳು ಕಳೆದರಂತೂ ಉಳಿದದ್ದು ಒಲೆಗೆ. ತಮ್ಮ ಮನೆಯಲ್ಲಿ ಅಂತಹ ಜೋಡಿ ದೊರೆತಲ್ಲಿ ಬಿಸಿಲಿಗಿಡಬೇಡಿ, ಮರ ಸೀಳುತ್ತದೆ. ತಣ್ಣೀರಿನಲ್ಲಿ ತೊಳೆದು, ನೆರಳಿನಲ್ಲಿ ಆರಿಸಿ, ಹೋಳುಗಳನ್ನು ಒಟ್ಟಿಗೇ ಕಟ್ಟಿಡಿ. ಮನೆಯಲ್ಲಿ ಹದ ಬಲ್ಲ ಅಜ್ಜಿಯಿದ್ದರೆ ಈ ಪುಷ್ಯದಲ್ಲಿಯೇ ಪಾಕ ಒಲೆಗೇರಲಿ.