ಅಧ್ಯಕ್ಷನಿಗೆ ಕ್ಷಮೆ, ಕಾವಲುಗಾರನಿಗೆ ಜೈಲು



ಹಗರಣದಿಂದ ಮುರಿದುಬಿದ್ದ ಜನರ ನಂಬಿಕೆಯನ್ನ ಮತ್ತೆ ಕಟ್ಟಿದ್ದು ಯಾರು ಅಂದ್ರೆ ಅಮೆರಿಕದ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಹೆಸರು ಹೇಳ್ತಾರೆ. ಅದೇ ಚರಿತ್ರೆಯಲ್ಲಿ ಇನ್ನೊಂದು ಹೆಸರಿದೆ: ಫ್ರಾಂಕ್ ವಿಲ್ಸ್.

1972ರ ಜೂನ್ 17, ನಡುರಾತ್ರಿ. ವಾಷಿಂಗ್ಟನ್‌ನ ವಾಟರ್‌ಗೇಟ್ ಕಟ್ಟಡದಲ್ಲಿ 24 ವರ್ಷದ ಕಪ್ಪು ಯುವಕ ವಿಲ್ಸ್ ಸೆಕ್ಯೂರಿಟಿ ಗಾರ್ಡ್. ಸಂಬಳ ವಾರಕ್ಕೆ 80 ಡಾಲರ್. ಬಾಗಿಲಿನ ಬೀಗಕ್ಕೆ ಯಾರೋ ಟೇಪ್ ಅಂಟಿಸಿದ್ದನ್ನ ನೋಡಿ ಕಿತ್ತುಹಾಕಿದರು. ಆಮೇಲೆ ಬಂದು ನೋಡಿದರೆ ಮತ್ತೆ ಟೇಪ್! ಪೊಲೀಸರಿಗೆ ಫೋನ್ ಮಾಡಿದರು. ಡೆಮಾಕ್ರಟಿಕ್ ಪಕ್ಷದ ಕಚೇರಿಯಲ್ಲಿ ಐದು ಜನ ಸಿಕ್ಕಿಬಿದ್ದರು. ಆ ಎಳೆ ಹಿಡಿದು ಹೋದ ತನಿಖೆ ಅಧ್ಯಕ್ಷ ನಿಕ್ಸನ್ ಅವರ ಕುರ್ಚಿಗೇ ಬಂದು ಮುಟ್ಟಿತು. 1974ರ ಆಗಸ್ಟ್ 9ರಂದು ನಿಕ್ಸನ್ ಕೆಳಗಿಳಿದರು, ಫೋರ್ಡ್ ಮೇಲೇರಿದರು.

ಫೋರ್ಡ್ ಉಪಾಧ್ಯಕ್ಷರಾದದ್ದೂ ಜನರ ಓಟಿನಿಂದ ಅಲ್ಲ, ಅಧ್ಯಕ್ಷರಾದದ್ದೂ ಅಲ್ಲ. ಅದನ್ನ ಮೊದಲ ಭಾಷಣದಲ್ಲೇ ಒಪ್ಪಿಕೊಂಡರು. ಜನ ಮೆಚ್ಚಿದರು. ಗ್ಯಾಲಪ್ ಸಮೀಕ್ಷೆಯಲ್ಲಿ ನೂರಕ್ಕೆ 71 ಜನರ ಬೆಂಬಲ. ಆದರೆ ಸೆಪ್ಟೆಂಬರ್ 8ರ ಭಾನುವಾರ ನಿಕ್ಸನ್‌ಗೆ ಪೂರ್ತಿ ಕ್ಷಮೆ ಘೋಷಿಸಿಬಿಟ್ಟರು. ಕೇಸಿಲ್ಲ, ವಿಚಾರಣೆಯಿಲ್ಲ, ಮಾಡಿರಬಹುದಾದ ಅಪರಾಧಕ್ಕೂ ಕ್ಷಮೆ! ಫೋರ್ಡ್ ಅವರ ಪತ್ರಿಕಾ ಕಾರ್ಯದರ್ಶಿಯೇ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಆ ತಿಂಗಳ ಕೊನೆಗೆ ಬೆಂಬಲ 50ಕ್ಕೆ ಇಳಿಯಿತು. ನಿಕ್ಸನ್ ಅವರ ಆಪ್ತರು ಜೈಲು ಕಂಡರು, ಯಜಮಾನ ಮನೆಗೆ ಹೋದ.

ಅಕ್ಟೋಬರ್ 17ರಂದು ಫೋರ್ಡ್ ತಾವೇ ಸಂಸತ್ತಿನ ಸಮಿತಿ ಮುಂದೆ ಹೋಗಿ ಕ್ಷಮೆ ಬಗ್ಗೆ ಉತ್ತರ ಕೊಟ್ಟರು. ಇದು ಸಣ್ಣ ಮಾತಲ್ಲ, ಒಪ್ಪೋಣ. ಆದರೆ ಅದೇ ದಿನ, ಮಾಹಿತಿ ಹಕ್ಕಿನ ಕಾನೂನನ್ನ ಬಲಪಡಿಸುವ ಮಸೂದೆಗೆ ವೀಟೋ ಹಾಕಿದರು! ರಕ್ಷಣಾ ರಹಸ್ಯ ಹೊರಬೀಳುತ್ತೆ ಅನ್ನೋದು ಕಾರಣ. ನವೆಂಬರ್‌ನಲ್ಲಿ ಸಂಸತ್ತು ಆ ವೀಟೋವನ್ನ ಮೀರಿ ಕಾನೂನು ಮಾಡಿತು. ನಾನೊಬ್ಬ ಕ್ಲರ್ಕ್. ಕಡತ ಮುಚ್ಚಿಟ್ಟರೆ ಯಾರಿಗೆ ಲಾಭ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ವಿಲ್ಸ್? ಸ್ವಲ್ಪ ದಿನ ಹೆಸರು ಬಂತು, ನೆಲೆಯಾದ ಕೆಲಸ ಸಿಗಲಿಲ್ಲ. 1983ರಲ್ಲಿ 12 ಡಾಲರಿನ ಒಂದು ಜೊತೆ ಶೂ ಕದ್ದರು ಅಂತ ಕೋರ್ಟು ಒಂದು ವರ್ಷ ಜೈಲು ವಿಧಿಸಿತು. ಅವರಿಗೆ ಯಾವ ಅಧ್ಯಕ್ಷರ ಕ್ಷಮೆಯೂ ಬರಲಿಲ್ಲ. 2000ದಲ್ಲಿ ಬಡತನದಲ್ಲೇ ತೀರಿಕೊಂಡರು. ಮರುವರ್ಷ, ನಿಕ್ಸನ್‌ಗೆ ಕ್ಷಮೆ ಕೊಟ್ಟದ್ದಕ್ಕಾಗಿ ಫೋರ್ಡ್‌ಗೆ ಧೈರ್ಯದ ಪ್ರಶಸ್ತಿ ಸಿಕ್ಕಿತು.

ದೇಶದ ಗಾಯ ಮಾಯಲಿ ಅಂತ ಕ್ಷಮಿಸಿದೆ ಅಂದರು ಫೋರ್ಡ್. ಗಾಯ ಮಾಯಬೇಕು ಅಂತ ಮೇಲಿನವರು ಅಂದಾಗೆಲ್ಲ ಕೇಳಬೇಕಾದ ಪ್ರಶ್ನೆ ಒಂದೇ: ಆ ಮುಲಾಮು ಯಾರ ಮೈಗೆ ಹಚ್ಚಿದ್ರಿ? ಬಾಬಾಸಾಹೇಬರು ಸಾಂವಿಧಾನಿಕ ನೈತಿಕತೆ ಅಂದದ್ದು ಇದಕ್ಕೇ. ದೊಡ್ಡವರ ಒಳ್ಳೆಯತನ ನಂಬಿ ಕೂತರೆ ನಂಬಿಕೆ ಹುಟ್ಟಲ್ಲ. ಎಲ್ಲರಿಗೂ ಒಂದೇ ಕಾನೂನು ಇದ್ದರೆ ಮಾತ್ರ ಹುಟ್ಟುತ್ತೆ.

ಆ ರಾತ್ರಿ ತನ್ನ ಕೆಲಸ ತಾನು ಸರಿಯಾಗಿ ಮಾಡಿದ ಕಾವಲುಗಾರನಿಗೆ ನನ್ನ ಜೈ ಭೀಮ್.