ನೀಲಗಿರಿ ಎಲೆಯ ರಾಸಾಯನಿಕ ಘಟಕಗಳು ಹಾಗೂ ಬಳಕೆಯ ಎಚ್ಚರಿಕೆಗಳು

ನೀಲಗಿರಿ ಎಲೆಯ ಔಷಧೀಯ ಗುಣವು ಮುಖ್ಯವಾಗಿ ಅದರ ಸುಗಂಧ ತೈಲದಲ್ಲಿದೆ. ಎಲೆಯನ್ನು ಬೆಳಕಿಗೆ ಹಿಡಿದಾಗ ಕಾಣುವ ಸೂಕ್ಷ್ಮ ಚುಕ್ಕೆಗಳೇ ತೈಲಗ್ರಂಥಿಗಳು. ತೈಲದ ಪ್ರಮುಖ ಘಟಕವಾದ ಸಿನಿಯೋಲ್ ಕಫವನ್ನು ಸಡಿಲಗೊಳಿಸುತ್ತದೆ.

ಆದರೆ ಎಲ್ಲ ಜಾತಿಗಳ ತೈಲವೂ ಒಂದೇ ಅಲ್ಲ. ತಮಿಳುನಾಡಿನ ನೀಲಗಿರಿ ಬೆಟ್ಟಗಳಲ್ಲಿ ಬೆಳೆಯುವ ಗ್ಲಾಬ್ಯುಲಸ್ ಜಾತಿಯಲ್ಲಿ ಸಿನಿಯೋಲ್ ಅಧಿಕ. ಐರೋಪ್ಯ ಔಷಧ ಸಂಹಿತೆಯಂತೆ ಔಷಧ ದರ್ಜೆಯ ತೈಲದಲ್ಲಿ ಇದು ಕನಿಷ್ಠ ಶೇ. 70ರಷ್ಟಿರಬೇಕು. ನಿಂಬೆ ಪರಿಮಳದ ಸಿಟ್ರಿಯೊಡೋರದಲ್ಲಿ ಸಿಟ್ರೊನೆಲ್ಲಾಲ್ ಪ್ರಧಾನವಾಗಿದ್ದು, ಅದು ಸುಗಂಧ ದ್ರವ್ಯಗಳ ತಯಾರಿಕೆಗೆ ಸೂಕ್ತ. ನಮ್ಮ ಬಯಲುಸೀಮೆಯ ಮೈಸೂರು ನೀಲಗಿರಿಯನ್ನು ಬೆಳೆಸಿದ್ದು ಕಾಗದದ ತಿರುಳು, ಕಂಬ ಹಾಗೂ ಸೌದೆಗಾಗಿ. ಅದರ ಎಲೆಯಿಂದ ತೈಲದ ಆದಾಯ ನಿರೀಕ್ಷಿಸುವವರು ಭಟ್ಟಿ ಘಟಕಕ್ಕೆ ಹಣ ಹೂಡುವ ಮೊದಲೇ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳುವುದು ಲೇಸು.

ಎಲೆಯಲ್ಲಿ ಸಸಾರಜನಕ, ಖನಿಜಾಂಶಗಳಿದ್ದರೂ ಟ್ಯಾನಿನ್‌ಗಳು ಸಸಾರಜನಕವನ್ನು ಬಂಧಿಸಿ ಜೀರ್ಣವಾಗದಂತೆ ಮಾಡುತ್ತವೆ. ಆಸ್ಟ್ರೇಲಿಯದ ಕೋಲಾ ಇದನ್ನೇ ತಿಂದು ಬದುಕುತ್ತದೆ ನಿಜ. ಅದರ ಯಕೃತ್ತಿಗೆ ಈ ವಿಷಾಂಶಗಳನ್ನು ನಿವಾರಿಸುವ ವಿಶೇಷ ಸಾಮರ್ಥ್ಯವಿದೆ. ನಮ್ಮ ದನಕರುಗಳಿಗೆ ಅದಿಲ್ಲ. ಮೇವಿನ ಅಭಾವವಿದ್ದರೂ ಈ ಎಲೆಯನ್ನು ಮೇವಾಗಿ ನೀಡಬಾರದು.

ತೈಲವನ್ನು ಕುಡಿಯಲೇಬಾರದು. ಕೆಲವೇ ಮಿಲಿಲೀಟರ್ ಹೊಟ್ಟೆಗೆ ಹೋದರೂ ಮಕ್ಕಳಲ್ಲಿ ಅಪಸ್ಮಾರ, ಪ್ರಜ್ಞಾಹೀನತೆ ಉಂಟಾಗಬಹುದು. ಅಂತಹ ಸಂದರ್ಭದಲ್ಲಿ ವಾಂತಿ ಮಾಡಿಸದೆ, ಸೀಸೆಯೊಡನೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಶೀತವಾಗಿದೆಯೆಂದು ಹಸುಗೂಸುಗಳ ಮೂಗಿನ ಬಳಿ ತೈಲ ಸವರುವ ರೂಢಿಯೂ ಅಪಾಯಕರ, ಉಸಿರಾಟಕ್ಕೆ ತೊಂದರೆಯಾಗಬಹುದು.