ನೇತಾಜಿ ಪಾಲಕರನ ವಜಾ: ಪನ್ಹಾಳ, ಉಮರಾಣಿ, ನೇಸರಿ

ಸೇನಾಪತಿಯ ತಪ್ಪಿಗೆ ಯಾವ ಶಿಕ್ಷೆ ಎಂಬ ಪ್ರಶ್ನೆಗೆ ಮರಾಠಾ ಇತಿಹಾಸ ಕೊಡುವ ಎರಡು ಉತ್ತರಗಳೂ ನಮ್ಮ ಸೀಮೆಯವೇ. ಕುಪವಾಡದ ಪಶ್ಚಿಮಕ್ಕೆ ಪನ್ಹಾಳ, ಪೂರ್ವಕ್ಕೆ ಜತ್ತ ತಾಲೂಕಿನ ಉಮರಾಣಿ.

1666ರ ಜನವರಿ 16ರ ನಸುಕಿನಲ್ಲಿ ಶಿವಾಜಿ ಮಹಾರಾಜರು ಪನ್ಹಾಳದ ಮೇಲೆ ನಡೆಸಿದ ದಾಳಿ ಕೈಗೂಡಲಿಲ್ಲ. ಕೋಟೆಯೊಳಗಿನ ಬಿಜಾಪುರದ ಪಡೆ ಎಚ್ಚರದಲ್ಲಿತ್ತು. ಸುಮಾರು ಸಾವಿರ ಜನರನ್ನು ಕಳೆದುಕೊಂಡು ಅವರು ವಿಶಾಲಗಡಕ್ಕೆ ಸರಿದರು. ಸರನೋಬತ, ಅಂದರೆ ಸೇನಾಪತಿ, ನೇತಾಜಿ ಪಾಲಕರ ಹೇಳಿದ ವೇಳೆಗೆ ಬಂದಿರಲಿಲ್ಲ. ಅದಕ್ಕಾಗಿಯೇ ಅವನನ್ನು ತೆಗೆದುಹಾಕಿ, ಕಡತೋಜಿ ಗುಜರನಿಗೆ ಪ್ರತಾಪರಾವ ಎಂಬ ಬಿರುದಿನೊಡನೆ ಆ ಪದವಿ ಕೊಟ್ಟರೆಂದು ಸಭಾಸದ ಬಖರು ಹೇಳುತ್ತದೆ. ಬಿಜಾಪುರದ ಮೇಲೆ ದಂಡೆತ್ತಿ ಬಂದಿದ್ದ ಮೊಗಲ ಸೇನಾನಿ ಮಿರ್ಜಾ ರಾಜಾ ಜಯಸಿಂಹನ ಪತ್ರಗಳ ಮಾತು ಬೇರೆ: ಬಿಜಾಪುರ ನಾಲ್ಕು ಲಕ್ಷ ಹೊನ್ನು ಕೊಟ್ಟು ನೇತಾಜಿಯನ್ನು ಸೆಳೆದುಕೊಂಡಿತು. ಬಖರು ಮೂರು ದಶಕಗಳ ಆಮೇಲೆ ಜಿಂಜಿಯಲ್ಲಿ ಬರೆದದ್ದು. ಪತ್ರಗಳು ಆಗಿನವೇ ಆದರೂ, ಸೋಲಿನ ಲೆಕ್ಕವನ್ನು ಬಾದಶಹನಿಗೆ ಒಪ್ಪಿಸಬೇಕಾದವನ ಕೈಯವು. ಮೊದಲು ವಜಾ, ಆಮೇಲೆ ಹೊನ್ನು ಎಂದು ಓದಿದರೆ ಎರಡೂ ಕೂಡಿಬರುತ್ತವೆ. ನನ್ನ ಒಲವು ಅತ್ತಲೇ.

ನೇತಾಜಿ ಅಂಜುಬುರುಕನಲ್ಲ. ಅಫಜಲಖಾನನ ವಧೆಯ ಬೆನ್ನಿಗೇ ಬಿಜಾಪುರದ ಸೀಮೆಯೊಳಗೆ ಕುದುರೆ ನುಗ್ಗಿಸಿದವನು ಅವನು. ಆದರೆ 1660ರಲ್ಲಿ ಸಿದ್ದಿ ಜೌಹರ ಇದೇ ಪನ್ಹಾಳಕ್ಕೆ ಮುತ್ತಿಗೆ ಹಾಕಿದಾಗ, ಹೊರಗಿನಿಂದ ಅದನ್ನು ಮುರಿಯಹೋಗಿ ಸೋತವನೂ ಅವನೇ. ಮೇಲಾಗಿ 1666ರ ದಾಳಿ ಸ್ವರಾಜ್ಯಕ್ಕಾಗಿ ನಡೆದದ್ದಲ್ಲ. ಪುರಂದರದ ಒಪ್ಪಂದಕ್ಕೆ ಕಟ್ಟುಬಿದ್ದು ಮೊಗಲರ ಪರವಾಗಿ ನಡೆದದ್ದು. ಅವನ ತಡವನ್ನು ಬರೀ ಶಿಸ್ತಿನ ತಪ್ಪೆಂದು ಎಣಿಸುವವರು ಈ ಎರಡು ಸಂಗತಿಗಳನ್ನೂ ಬಿಟ್ಟುಬಿಡುತ್ತಾರೆ.

ಪ್ರತಾಪರಾವನ ಸರದಿ 1673ರ ಏಪ್ರಿಲ್‌ನಲ್ಲಿ ಬಂತು. ಉಮರಾಣಿಯಲ್ಲಿ ಅವನು ಬಿಜಾಪುರದ ಸರದಾರ ಬಹಲೋಲಖಾನನ ಪಡೆಗೆ ನೀರಿನ ದಾರಿ ಕಟ್ಟಿದ. ಜತ್ತದ ಬೇಸಿಗೆ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ: ಕುದುರೆ, ಆನೆ, ಒಂಟೆಗಳಿರುವ ದಂಡು ನೀರಿಲ್ಲದೆ ಒಂದು ಹಗಲು ಕಳೆಯುವುದೇ ಕಷ್ಟ. ಖಾನ ಶರಣೆಂದ, ಪ್ರತಾಪರಾವ ದಾರಿ ಬಿಟ್ಟ. ಸಂಧಿ ಮಾಡಿದ್ದೇಕೆಂದು ಮಹಾರಾಜರು ಸಿಟ್ಟಾದರು, ಆದರೆ ಪದವಿ ಕಿತ್ತುಕೊಳ್ಳಲಿಲ್ಲ. ಖಾನ ಮತ್ತೆ ದಂಡೆತ್ತಿ ಬಂದಾಗ, ಅವನನ್ನು ಮುಗಿಸದೆ ಮುಖ ತೋರಿಸಬೇಡವೆಂದು ಹೇಳಿಕಳಿಸಿದರು. 1674ರ ಫೆಬ್ರವರಿ 24ರಂದು ಗಡಹಿಂಗ್ಲಜದ ಬಳಿಯ ನೇಸರಿಯಲ್ಲಿ ಪ್ರತಾಪರಾವ ಆರೇ ಸವಾರರೊಡನೆ ಖಾನನ ಸೈನ್ಯದ ಮೇಲೆ ಬಿದ್ದು ಮಡಿದ. ಹಿಂದಿನ ಸರನೋಬತನಿಗೆ ಏನಾಯಿತೆಂದು ಅವನಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು? ನೇಸರಿಯ ಆ ದುಡುಕಿನಲ್ಲಿ ಪನ್ಹಾಳದ ವಜಾದ ಪಾಲೂ ಇದೆ ಎಂಬುದು ನನ್ನ ವಾದ. ಆ ಸಾವನ್ನು ಮಹಾರಾಜರು ಮರೆಯಲಿಲ್ಲ. 1680ರಲ್ಲಿ ಪ್ರತಾಪರಾವನ ಮಗಳು ಜಾನಕಿಬಾಯಿಯನ್ನು ತಮ್ಮ ಮಗ ರಾಜಾರಾಮನಿಗೆ ತಂದುಕೊಂಡರು.

ನೇತಾಜಿಯ ದಾರಿ ಇನ್ನೂ ಉದ್ದದ್ದು. ಬಿಜಾಪುರದಿಂದ ಅವನನ್ನು ಜಯಸಿಂಹ ಐದು ಸಾವಿರದ ಮನಸಬು ಕೊಟ್ಟು ಮೊಗಲರ ಕಡೆ ಸೆಳೆದ. ಮಹಾರಾಜರು ಆಗ್ರಾದಿಂದ ತಪ್ಪಿಸಿಕೊಂಡ ಮೇಲೆ ಔರಂಗಜೇಬ ಅವನನ್ನು ಸೆರೆಹಿಡಿಸಿ, ಮತಾಂತರಿಸಿ, ಮಹಮ್ಮದ ಕುಲಿಖಾನನೆಂಬ ಹೆಸರಿನಲ್ಲಿ ಕಾಬೂಲಿನ ಗಡಿಗೆ ಅಟ್ಟಿದ. 1676ರಲ್ಲಿ ಅವನು ಮರಳಿದಾಗ ಮಹಾರಾಜರೇ ಶುದ್ಧಿ ಮಾಡಿಸಿ ಬಳಿಗೆ ಸೇರಿಸಿಕೊಂಡರು. ಸರನೋಬತ ಪದವಿ ಆಗ ಹಂಬೀರರಾವ ಮೋಹಿತೆಯದಾಗಿತ್ತು.